ತೊಂಬತ್ತು ಸಾವಿರದ ಪಕೀರಪ್ಪ

ಪಕೀರಪ್ಪನಿಗೆ ಸಾಲ ಬೇಕಾಗಿರಲಿಲ್ಲ. ತನ್ನ ಬೆಲೆ ಎಷ್ಟೆಂದು ತಿಳಿಯಬೇಕಾಗಿತ್ತು, ಅಷ್ಟೇ.

ಸೋಮವಾರ ಬೆಳಿಗ್ಗೆ ಹೊಸಪೇಟೆಯಿಂದ ದೋಣಿಮಲೈಗೆ ಹೊರಟ ಸ್ಟಾಫ್ ಬಸ್ಸಿನಲ್ಲಿ ಹಿಂದಿನ ಸೀಟಿನ ಲಿಂಗರಾಜ್ ಮೊಬೈಲನ್ನು ಎತ್ತಿ ಹಿಡಿದು, "ನೋಡ್ರಲೇ, ಕೇಳ್ದಿದ್ರೂ ನನಗ ಅರವತ್ತು ಸಾವಿರ ಕೊಡ್ತಾರಂತ!" ಎಂದು ಕೂಗಿದ್ದೇ ಎಲ್ಲಕ್ಕೂ ಮೂಲ. ಅದು ಸಾಲ ಕೊಡುವ ಒಂದು ಆ್ಯಪು. ಅದರ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳದ ಕಾರಣ ಬಸ್ಸಿನವರು ಹಸಿರು ಆ್ಯಪು ಎನ್ನುತ್ತಿದ್ದರು. ಹೆಸರು, ಪ್ಯಾನ್ ನಂಬರು ಒತ್ತಿದರೆ ಸಾಕು, ನಿಮ್ಮ ಯೋಗ್ಯತೆಗೆ ಎಷ್ಟು ಸಿಗುತ್ತದೆಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿತ್ತು. ಸಂಡೂರು ದಾಟುವಷ್ಟರಲ್ಲಿ ಅದು ಪಂದ್ಯವಾಗಿಬಿಟ್ಟಿತು. ಒಬ್ಬನಿಗೆ ನಲವತ್ತು ಬಂತು, ಒಬ್ಬನಿಗೆ ಐವತ್ತೈದು. ಊರಿನಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿದ್ದ ಮೆಕ್ಯಾನಿಕ್ಕಿಗೆ ಬರೀ ಎಂಟು ಸಾವಿರ ಬಂದು, ಆ ಮನುಷ್ಯ ಗಣಿಯ ಗೇಟು ಬರುವತನಕ ಕಿಟಕಿಯ ಆಚೆ ನೋಡುತ್ತಲೇ ಕೂತ.

ಪಕೀರಪ್ಪ ಗಣಿಯಲ್ಲಿ ಅದಿರಿನ ಬೆಲ್ಟಿಗೆ ಗ್ರೀಸು ಹಚ್ಚುವವನು. ಶಾಲೆಯಲ್ಲಾಗಲಿ ಕಬಡ್ಡಿಯಲ್ಲಾಗಲಿ ಮನೆಯಲ್ಲಾಗಲಿ ಅವನು ಮೊದಲು ಬಂದ ದಾಖಲೆ ಇರಲಿಲ್ಲ. ಲಿಂಗರಾಜ್ ಅವನ ಫೋನನ್ನೂ ಕಿತ್ತುಕೊಂಡು ಒತ್ತಿದ. ಬಂತು, ತೊಂಬತ್ತು ಸಾವಿರ.

"ಯಪ್ಪಾ! ಗ್ರೀಸ್ ಪಕೀರಪ್ಪ ನಮ್ಮೆಲ್ಲಾರ್‍ನೂ ಹೊಡ್ದ ನೋಡ್ರಿ!"

ಬಸ್ಸು ಚಪ್ಪಾಳೆ ತಟ್ಟಿತು. ಡ್ರೈವರ್ ವಿರೂಪಾಕ್ಷಪ್ಪ ಹಾರನ್ ಹೊಡೆದ. "ಇನ್ನೂ ಮುಂದಕ್ಕೊತ್ತು, ಲಕ್ಷ ಆದ್ರೂ ಆತು" ಎಂದು ಯಾರೋ ಅಂದರು. ಪಕೀರಪ್ಪ ಒತ್ತಿದ. ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸು ಅಂದಿತು, ಮಿಟುಕಿಸಿದ. ಓಟಿಪಿ ಬಂತು, ಲಿಂಗರಾಜ್ ಕತೆ ಓದಿದಂತೆ ಗಟ್ಟಿಯಾಗಿ ಓದಿದ, ಪಕೀರಪ್ಪ ಒತ್ತಿದ. ಟಿಣ್ಣೆಂದಿತು. ದುಡ್ಡು ಖಾತೆಗೆ ಬಂದು ಕೂತಿತ್ತು. ಅಂದು ಸಂಜೆ ಗೆದ್ದ ಖುಷಿಗೆಂದು ಬಸ್ಸಿನವರೆಲ್ಲ ಅವನ ಕೈಯಿಂದಲೇ ಮಂಡಕ್ಕಿ ಮಿರ್ಚಿ ತಿಂದರು.

ಬೇರೆ ಯಾರ ಮನೆಯಲ್ಲಾದರೂ ಇದು ನಕ್ಕು ಮರೆಯುವ ಮಾತು. ಆದರೆ ಪಕೀರಪ್ಪನ ಹೆಂಡತಿ ಜಂಬಕ್ಕ ಮಲಪನಗುಡಿಯ ಮಹಿಳಾ ಸಂಘದ ಅಧ್ಯಕ್ಷೆ. ಮೊಬೈಲಿನಲ್ಲಿ ಸಾಲ ತೆಗೆಯುವ ಗಂಡಸರ ಮೇಲೆ ಆಕೆ ಯುದ್ಧ ಸಾರಿ ತಿಂಗಳಾಗಿತ್ತು. ಸ್ವಂತ ತಮ್ಮ ಹಾಗೆ ಸಾಲ ತೆಗೆದನೆಂದು ಗೊತ್ತಾದ ದಿನ ಅವನ ಫೋನನ್ನು ಒರಳಿಗೆ ಹಾಕಿ, ಒಣಮೆಣಸಿನಕಾಯಿ ಕುಟ್ಟಿದಂತೆ ಕುಟ್ಟಿ, ಪುಡಿಯನ್ನು ಅವನ ಉಡಿಗೇ ಸುರಿದು ಕಳಿಸಿದ್ದಳು. "ನನ್ನ ಮನ್ಯಾಗ ಅಂಥಾ ಸಾಲ ಬಂತಂದ್ರ ಅವತ್ತ ನಾನು ಅಧ್ಯಕ್ಷಸ್ಥಾನ ಬಿಡ್ತೀನಿ" ಎಂದು ಸಂಘದ ಎದುರು ಅಂದೂ ಇದ್ದಳು. ಆಕೆ ಪಕೀರಪ್ಪನ ಸ್ವಂತ ಅಕ್ಕನ ಮಗಳು. ಮಾಮಾ ಎಂದು ಕರೆಯುತ್ತಾಳೆ, ಆ ಕರೆಗೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಎರಡು ದಿನ ಪಕೀರಪ್ಪ ಫೋನನ್ನು ಅಂಗಿಯೊಳಗೆ, ಹಾವಾಡಿಗ ಹಾವು ಇಟ್ಟುಕೊಂಡಂತೆ ಇಟ್ಟುಕೊಂಡು ತಿರುಗಿದ. ಬುಧವಾರ ನಸುಕಿನಲ್ಲಿ ಅದು ಮತ್ತೆ ಟಿಣ್ಣೆಂದಿತು. 'ನಿಮ್ಮ ಸಾಲದ ಕೂಲಿಂಗ್ ಆಫ್ ಅವಧಿ ಇಂದು ಮುಕ್ತಾಯ.' ಏನೆಂದು ಅರ್ಥವಾಗದೆ, ತಂಬಿಗೆ ಹಿಡಿದು ಊರಾಚೆ ಹೊರಟವನಂತೆ ನಟಿಸಿ, ಹಳೆಯ ಮೆಟ್ಟಿಲು ಬಾವಿಯ ಕಡೆ ನಡೆದ. ಗುಟ್ಟಿಗೆ ಒಳ್ಳೆಯ ಜಾಗವೆಂದು ಕೆಳಗಿಳಿದರೆ ಸಿಗ್ನಲ್ಲಿಲ್ಲ, ಮೇಲೆ ಹತ್ತಿದರೆ ಗುಟ್ಟಿಲ್ಲ. ಕಡೆಗೆ ನಡುವಿನ ಮೆಟ್ಟಿಲಲ್ಲಿ ನಿಂತು, ಕತ್ತನ್ನು ಕೊಕ್ಕರೆಯಂತೆ ಚಾಚಿ, ಆ್ಯಪಿನವರ ನಂಬರಿಗೆ ಮಾತಾಡಿದ. ಒಂದು ಹುಡುಗಿ ಪುಸ್ತಕ ಓದುವ ದನಿಯಲ್ಲಿ ಉತ್ತರಿಸಿದಳು.

"ಸರ್, ಸಾಲ ಬೇಡವೆನಿಸಿದರೆ ಮೂರು ದಿನಗಳೊಳಗೆ ಹಿಂದಿರುಗಿಸುವ ಅವಕಾಶ ಅದು. ಇಂದು ಸಂಜೆ ಆರರೊಳಗೆ ಅಸಲು ತೊಂಬತ್ತು ಸಾವಿರ ಮತ್ತು ಈವರೆಗಿನ ಬಡ್ಡಿ ಪಾವತಿಸಿದರೆ ಸಾಲ ರದ್ದಾಗುತ್ತದೆ. ಯಾವುದೇ ದಂಡವಿಲ್ಲ."

ಪಕೀರಪ್ಪನಿಗೆ ಬಾವಿಯ ನೀರೆಲ್ಲ ಹಾಲಾದಂತೆ ಕಂಡಿತು. "ನಿಮ್ಮ ಹೊಟ್ಟಿ ತಣ್ಣಗಿರ್‍ಲಿ ತಾಯಿ! ಆದ್ರ ನನಗ ಬಂದದ್ದ ಎಂಬತ್ತೇಳು ಸಾವಿರ ಐತಲ್ರೀ?"

"ಸಂಸ್ಕರಣಾ ಶುಲ್ಕ ಕಡಿತವಾಗಿದೆ ಸರ್. ಅದು ಹಿಂದಿರುಗುವುದಿಲ್ಲ."

"ಅಲ್ರೀ, ನಾನು ಕೇಳ್ದಿದ್ರೂ ನೀವ ಕೊಟ್ರಿ. ಅದ್ರಾಗ ಮೂರು ಸಾವಿರ ನೀವ ಹಿಡ್ಕಂಡ್ರಿ. ಈಗ ನಿಮ್ಮದನ್ನ ನಿಮಗ ಕೊಡಾಕ ನಾನು ಮೂರು ಸಾವಿರ ಹುಡುಕ್ಯಾಡಬೇಕು. ಇದ್ಯಾವ ಊರಿನ ನ್ಯಾಯ್ರೀ?"

"ಇನ್ನೇನಾದರೂ ಸಹಾಯ ಬೇಕೇ ಸರ್?"

ಮೇಲಿನ ಮೆಟ್ಟಿಲಿನಿಂದ ಒಂದು ತಲೆ ಇಣುಕಿತು. ಪಕ್ಕದ ಮನೆಯ ದುರ್ಗಕ್ಕ. ಊರಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಆಕೆಗೆ ವಾಸನೆ ಬಡಿಯುತ್ತಿತ್ತು.

"ಏನ್ ವಾಪಸ್ ಕೊಡ್ತಿಯೋ ಪಕೀರಣ್ಣಾ?"

"ಅದಾ... ಚಪ್ಪಲಿ ದುರ್ಗಕ್ಕ. ಫೋನಿನ್ಯಾಗ ತರ್ಸಿದ್ದೆ, ಅಳತಿ ಆಗ್ಲಿಲ್ಲ."

"ಎಷ್ಟನೇ ನಂಬರ?"

"ಒಂಬತ್ತು."

"ನಮ್ಮ ಅಳಿಯಾಗ ಒಂಬತ್ತ! ತೋರ್‍ಸು ಬಾ, ಮೂರು ಸಾವಿರ ಅಂದ್ಯಲ್ಲ, ಮುನ್ನೂರು ಕೊಡ್ತೀನಿ."

"ಕಳಿಸಿಬಿಟ್ಟೆ ದುರ್ಗಕ್ಕ" ಎನ್ನುತ್ತ ಪಕೀರಪ್ಪ ಖಾಲಿ ತಂಬಿಗೆಯೊಂದಿಗೆ ಓಡಿದ.

ಶುಲ್ಕದ ಮೂರು ಸಾವಿರ, ಬಡ್ಡಿ, ಮಿರ್ಚಿಗೆ ಹೋದದ್ದು, ಎಲ್ಲ ಕೂಡಿ ನಾಲ್ಕು ಸಾವಿರದ ಹತ್ತಿರ ಕಡಿಮೆ ಬೀಳುತ್ತಿತ್ತು. ತಿಂಗಳ ಕೊನೆ. ಪಗಾರ ಬರಲು ಇನ್ನೂ ವಾರವಿತ್ತು. ಟಿವಿಎಸ್ ಹತ್ತಿ ಹೊಸಪೇಟೆಗೆ ಬಂದು, ಸ್ಟಾಫ್ ಬಸ್ಸೇರಿದವನೇ ಮುಂದಿನ ಸೀಟಿನಿಂದ ಕೈಗಡ ಕೇಳುತ್ತ ಹೊರಟ.

"ನೋಡ್ರಪಾ, ತೊಂಬತ್ತು ಸಾವಿರದ ಸಾಹುಕಾರ ನಮ್ಮ ಹಂತ್ಯಾಕ ನಾಲ್ಕು ಸಾವಿರ ಕೇಳ್ತಾನ!"

"ಸಾಲ ತೀರ್‍ಸಾಕಂತ. ತಗಂಡ ಮೂರನೇ ದಿನಕ್ಕ! ನಾನು ಎಮ್ಮಿ ಸಾಲ ತಗಂಡು ಎಮ್ಮಿ ಸತ್ರೂ ತೀರ್‍ಸಿಲ್ಲ."

"ಪಕೀರಣ್ಣಾ, ಅದಿರ್‍ಲಿ, ನಿನ್ನ ಹಂತ್ಯಾಕ ಹೆಂಗೂ ಬಿದ್ದೈತಿ. ನನಗ ಹತ್ತು ಸಾವಿರ ಕೊಡು. ಬೋರಿನ ಮೋಟ್ರು ಸುಟ್ಟೈತಿ."

ಹಿಂದಿನ ಸೀಟು ಮುಟ್ಟುವಷ್ಟರಲ್ಲಿ ಕೊಡುವವರು ಒಬ್ಬರೂ ಸಿಗದೆ, ಕೇಳುವವರೇ ಮೂವರಾಗಿದ್ದರು. ಎಂಟು ಸಾವಿರದ ಮೆಕ್ಯಾನಿಕ್ ಮಾತ್ರ ಸೋಮವಾರದಿಂದ ಮೊದಲ ಸಲ ನಕ್ಕ. ಪಕೀರಪ್ಪ ಲಿಂಗರಾಜನ ಪಕ್ಕ ಕುಸಿದು ಕೂತ.

"ನಿನ್ನಿಂದ ಆದದ್ದಲೇ ಇದು. ಜಂಬಿಗೆ ಗೊತ್ತಾತಂದ್ರ ನನ್ನ ಗತಿ ಏನು? ಅಧ್ಯಕ್ಷಸ್ಥಾನ ಬಿಡ್ತಾಳಂತ. ಬಿಟ್ಟು ದಿನಾ ಮನ್ಯಾಗ ಕುಂತ್ರ ನಾನು ಎಲ್ಲಿಗೆ ಹೋಗ್ಲಿ?"

ಲಿಂಗರಾಜನ ಬಾಯಿ ದೊಡ್ಡದಾದರೂ ಕರುಳು ಚಿಕ್ಕದಲ್ಲ. ಮೊದಲ ಸಲ ಅವನಿಗೆ ಕೆಡುಕೆನಿಸಿತು. "ನೀ ಸುಮ್ಕಿರು. ಏನರ ಮಾಡೂಣಂತ" ಎಂದ.

ಪಕೀರಪ್ಪನಿಗೆ ಸುಮ್ಮನಿರಲು ಆಗಲಿಲ್ಲ. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ, ಕೈಯಲ್ಲಿದ್ದ ಗಡಿಯಾರ ಮಾರಲು ಟೌನ್‌ಶಿಪ್ಪಿನ ರಿಪೇರಿ ಅಂಗಡಿಗೆ ಓಡಿದ. ಸುರಕ್ಷತಾ ಸಪ್ತಾಹದಲ್ಲಿ ಬಹುಮಾನ ಬಂದ ಗಡಿಯಾರ. ಅಂಗಡಿಯವನು ಅದನ್ನು ಕಿವಿಗಿಟ್ಟುಕೊಂಡ, ತಿರುಗಿಸಿದ, ಮೂಸಿಯೂ ನೋಡಿದ.

"ನೂರಿಪ್ಪತ್ತು."

"ಸಾವಿರದ್ದೈತ್ರೀ ಇದು!"

"ಹಿಂದ್ಗಡೆ 'ಅಪಘಾತ ತಡೆಯಿರಿ' ಅಂತ ಕೆತ್ಯಾರ. ಇದನ್ನ ಯಾರ ಮದುವಿಗೆ ಉಡುಗೊರೆ ಕೊಡಾಕ ಬರ್‍ತೈತಿ ಹೇಳು?"

ಪಕೀರಪ್ಪ ಗಡಿಯಾರವನ್ನು ಮತ್ತೆ ಕಟ್ಟಿಕೊಂಡ. ಅದರಲ್ಲಿ ಹೊತ್ತು ಓಡುತ್ತಿರುವುದು ಕಂಡಿತು. ಸೋತ ಕಾಲೆಳೆಯುತ್ತ ಕ್ಯಾಂಟೀನಿಗೆ ಬಂದರೆ, ಬಾಗಿಲಲ್ಲೇ ಲಿಂಗರಾಜ್ ಕಾದಿದ್ದ. ಅವನ ಕೈಯಲ್ಲಿ ಗಂಟು ಹಾಕಿದ ಟವೆಲ್ಲಿತ್ತು.

"ಹಿಡಿ. ಪಟ್ಟಿ ಎತ್ತಿದೆ. ನಾಲ್ಕು ಸಾವಿರದ ಮ್ಯಾಲೈತಿ."

ಆ ಬಸ್ಸಿನಲ್ಲಿ ಪಟ್ಟಿ ಎತ್ತುವುದು ಬಸ್ಸಿನಷ್ಟೇ ಹಳೆಯ ಪದ್ಧತಿ. ಯಾರಿಗಾದರೂ ದೊಡ್ಡ ಕಷ್ಟ ಬಂದರೆ ಒಂದು ಟವೆಲ್ಲು ಕೈಯಿಂದ ಕೈಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರೂ ನೋಡುವುದಿಲ್ಲ. ಆ ದುಡ್ಡನ್ನು ತಿರುಗಿ ಕೊಡುವಂತೆಯೂ ಇಲ್ಲ. ತಿರುಗಿ ಕೊಟ್ಟರೆ ದುಡ್ಡಿನ ಜತೆ ಆ ಕಷ್ಟವೂ ಪಟ್ಟಿ ಹಾಕಿದವರ ಮನೆಗೆ ಬರುತ್ತದೆಂದು ನಂಬಿಕೆ.

ಪಕೀರಪ್ಪ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಬೆಳಿಗ್ಗೆ ಅಷ್ಟು ನಕ್ಕಾಡಿದ್ರು, ಈಗ ಹೆಂಗ ಕೊಟ್ರಲೇ?"

"ನಮ್ಮ ಮಂದಿ ಭಾಳ ಒಳ್ಳೇರು. ಕೇಳೋ ರೀತೀಲೆ ಕೇಳ್ಬೇಕು. ನೀ ಮಾತ್ರ ಯಾರ ಮುಂದೂ ಬಾಯಿ ಬಿಡಬ್ಯಾಡ. ಏನಾರ ಅಂದ್ರ ತಲಿ ತಗ್ಗಿಸಿ ಹೂಂ ಅನ್ನು, ಸಾಕು."

ಗೇಟಿನ ಹತ್ತಿರದ ಅಂಗಡಿಯವನು ನಗದು ತೆಗೆದುಕೊಂಡು, ತನ್ನ ಪಾಲು ಮುರಿದುಕೊಂಡು, ಪಕೀರಪ್ಪನ ಖಾತೆಗೆ ಹಾಕಿದ. ಈಗ ಒಂದು ಬಟನ್ ಒತ್ತುವುದಷ್ಟೇ ಉಳಿದಿತ್ತು. ಒತ್ತಿದ. 'ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.' ಕೊಡುವಾಗ ಚಿರತೆಯಂತೆ ಎಗರಿ ಬಂದಿದ್ದ ಆ್ಯಪು ತೆಗೆದುಕೊಳ್ಳುವಾಗ ಬಸುರಿ ಎಮ್ಮೆಯಾಯಿತು. ಬೆಲ್ಟಿನ ಕೆಳಗೆ ಕೂತು ಒತ್ತಿದ, ಗ್ರೀಸಿನ ಡಬ್ಬದ ಮೇಲೆ ನಿಂತು ಒತ್ತಿದ, ಶಿಫ್ಟು ಮುಗಿದು ಬಸ್ಸು ಹತ್ತುವಾಗ ಬಲಗಾಲಿಟ್ಟು ಒತ್ತಿದ. ಗುಂಡಗಿನ ಚಕ್ರವೊಂದು ತಿರುಗುತ್ತಿತ್ತು, ಅಷ್ಟೇ.

ಬಸ್ಸು ಘಾಟಿಗೆ ಬಂದಾಗ ಸಿಗ್ನಲ್ಲೂ ಹೋಯಿತು. ಮುಂದೆ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ವಿರೂಪಾಕ್ಷಪ್ಪ ಕನ್ನಡಿಯಲ್ಲಿ ಪಕೀರಪ್ಪನ ಮುಖ ನೋಡಿದ. "ಏನಾತೋ ತಮ್ಮಾ, ರೊಕ್ಕ ಮುಟ್ಟಿಲ್ಲೇನು?"

"ಹೋಗವಲ್ದಣ್ಣಾ. ಆರರೊಳಗ ಕಟ್ಟಬೇಕು. ತಪ್ಪಿದ್ರ ನನ್ನ ಸಂಸಾರ ಮುಳುಗ್ತು."

ಬಸ್ಸಿನೊಳಗೆ ನಿಟ್ಟುಸಿರು ಹರಿಯಿತು. ಬೆಳಿಗ್ಗೆ ಎಮ್ಮೆಯ ಮಾತಾಡಿದ್ದವನು ಕಣ್ಣೊರೆಸಿಕೊಂಡ. ಮೋಟರು ಸುಟ್ಟವನು, "ಮ್ಯಾಲೆ ಹತ್ಸ್ರಿ ಅವನ್ನ, ಟಾಪಿನ ಮ್ಯಾಲೆ ಸಿಗ್ನಲ್ ಬರ್‍ತೈತಿ!" ಎಂದ. ವಿರೂಪಾಕ್ಷಪ್ಪ ಬಸ್ಸನ್ನು ಏರಿನ ನೆತ್ತಿಯಲ್ಲಿ ಪಕ್ಕಕ್ಕೆ ಹಾಕಿದ. ನಾಲ್ಕು ಜನ ಪಕೀರಪ್ಪನನ್ನು ಹಿಂದಿನ ಏಣಿಯ ಮೇಲೆ ಜೋಳದ ಚೀಲ ಏರಿಸಿದಂತೆ ಏರಿಸಿದರು. ಕೆಂಪು ಧೂಳಿನಲ್ಲಿ, ಫೋನನ್ನು ಆಕಾಶಕ್ಕೆ ಚಾಚಿ, ಪಕೀರಪ್ಪ ಟಾಪಿನ ಮೇಲೆ ಆಚೆಯಿಂದ ಈಚೆ ನಡೆದ. ಲಾರಿ ಡ್ರೈವರುಗಳು ಇಳಿದು ನೋಡತೊಡಗಿದರು.

"ಬಂತೇನು?"

"ಒಂದು ಕಡ್ಡಿ ಬಂತು!"

"ಒತ್ತು! ಹುಲಿಗೆಮ್ಮನ್ನ ನೆನಸ್ಕಂಡು ಒತ್ತು!"

ಒತ್ತಿದ. ಚಕ್ರ ತಿರುಗಿತು, ನಿಂತಿತು, ಹಸಿರು ಗೆರೆ ಮೂಡಿತು. ಪಕೀರಪ್ಪ ಎರಡೂ ಕೈ ಎತ್ತಿ ಕೂಗಿದ. "ಮುಗೀತು! ಎಲ್ಲಾ ಮುಗೀತು!"

ಕೆಳಗೆ ಒಮ್ಮೆಲೇ ಸದ್ದಡಗಿತು. ಯಾರೋ ತಲೆಯ ಮೇಲಿನ ಹೆಲ್ಮೆಟ್ಟು ತೆಗೆದರು. ಲಿಂಗರಾಜ್ ಬಾಗಿಲಿನಿಂದ ಹೊರಗೆ ಜಿಗಿದು, "ಚಲೋದಾತು ಅಂತ! ರೊಕ್ಕ ಮುಟ್ಟಿತಂತ!" ಎಂದು ಅರಚಿದ ಮೇಲೆ ಬಸ್ಸು ಮತ್ತೆ ಉಸಿರಾಡಿ ಚಪ್ಪಾಳೆ ತಟ್ಟಿತು. ಪಕೀರಪ್ಪನಿಗೆ ಇಷ್ಟು ಒಳ್ಳೆಯ ಜನರ ನಡುವೆ ಬದುಕುತ್ತಿದ್ದೇನೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ ಎನಿಸಿತು.

ಹೊಸಪೇಟೆಯಲ್ಲಿ ಇಳಿದು, ಟಿವಿಎಸ್ ಮೇಲೆ ಹಾಡು ಹೇಳಿಕೊಳ್ಳುತ್ತ ಮನೆಗೆ ಬಂದ. ಜಂಬಕ್ಕ ನೀರಿಗೆ ಹೋಗಿದ್ದಳು. ಮುಖ ತೊಳೆದು, ಅಂಗಳದ ಹೊರಸಿನ ಮೇಲೆ ಕಾಲು ಚಾಚಿ ಕೂತ. ಮೂರು ದಿನದಲ್ಲಿ ಮೊದಲ ಸಲ ಫೋನನ್ನು ಅಂಗಿಯಿಂದ ತೆಗೆದು ಬಹಿರಂಗವಾಗಿ ಕಟ್ಟೆಯ ಮೇಲಿಟ್ಟ.

ಆಗ ಓಣಿಯ ತುದಿಯಲ್ಲಿ ಪರಿಚಿತ ಹಾರನ್ ಕೇಳಿಸಿತು.

ಸ್ಟಾಫ್ ಬಸ್ಸು ಎರಡೂ ಕಡೆಯ ಗೋಡೆಗಳನ್ನು ಉಜ್ಜುವಂತೆ ಓಣಿಯೊಳಗೆ ತೂರಿಕೊಂಡು ಬಂದು, ಪಕೀರಪ್ಪನ ಅಂಗಳದೆದುರು ಸಿಕ್ಕಿಕೊಂಡು ನಿಂತಿತು. ವಿರೂಪಾಕ್ಷಪ್ಪ ಇಳಿದ. ಅವನ ಹಿಂದೆ ಬ್ರೆಡ್ಡು, ಬಾಳೆಹಣ್ಣು, ಎಳನೀರು ಹಿಡಿದು ಇಡೀ ಬಸ್ಸು ಇಳಿಯಿತು. ಕಡೆಯಲ್ಲಿ, ಯಾರೋ ನೂಕಿದ್ದರಿಂದ, ಲಿಂಗರಾಜ್.

"ತಂಗಿ ಹೆಂಗದಾಳೋ?" ಎಂದು ವಿರೂಪಾಕ್ಷಪ್ಪ ದನಿ ತಗ್ಗಿಸಿ ಕೇಳಿದ.

"ಯಾವ ತಂಗಿ?"

ಲಿಂಗರಾಜ್ ಪಕೀರಪ್ಪನ ಕಿವಿಗೆ ಬಾಯಿ ಹಚ್ಚಿದ. "ಸಾಲ ತೀರ್‍ಸಾಕ ಅಂದ್ರ ಯಾವನೂ ಪಟ್ಟಿ ಕೊಡಂಗಿಲ್ಲಲೇ. ಅದ್ಕ ನಿನ್ನ ಹೇಣ್ತಿಗೆ ಗರ್ಭಕೋಶದ ಆಪರೇಷನ್, ಸಾಲ ಎತ್ತಿದ್ದೂ ಅದ್ಕ, ತೀರ್‍ಸಾಕ ಅಂದದ್ದು ಬರೇ ಮರ್ಯಾದಿಗೆ ಅಂದೆ. ಇವರು ನೋಡಾಕ ಬರ್‍ತಾರಂತ ನನಗೇನು ಕನಸು ಬಿದ್ದಿತ್ತೇನು?"

ಪಕೀರಪ್ಪ ಬಾಯಿ ತೆರೆದ. ಅದು ತೆರೆದೇ ಉಳಿಯಿತು. ಏಕೆಂದರೆ ಓಣಿಯ ಆಚೆ ತಿರುವಿನಲ್ಲಿ ಜಂಬಕ್ಕ, ತಲೆಯ ಮೇಲೊಂದು ತುಂಬಿದ ಕೊಡ, ಸೊಂಟದ ಮೇಲೊಂದು ತುಂಬಿದ ಕೊಡ ಹೊತ್ತು, ಬಂಡಿ ಎತ್ತಿನ ಹಾಗೆ ದಾಪುಗಾಲು ಹಾಕಿ ಬರುತ್ತಿದ್ದಳು. ಪಕ್ಕದಲ್ಲಿ ದುರ್ಗಕ್ಕ.

"ಯಾರ್‍ರೀ ಇವರೆಲ್ಲಾ?" ಎಂದಳು ಜಂಬಕ್ಕ.

"ಪೇಶಂಟ್ ಯಾರವ್ವಾ ಇಲ್ಲಿ? ಜಂಬಕ್ಕ ಅಂಬಾಕಿ?" ಎಂದ ವಿರೂಪಾಕ್ಷಪ್ಪ.

"ಈಕೀನ ಜಂಬಕ್ಕ. ಇದೇನ್ ಪೇಶಂಟು?" ಎಂದಳು ದುರ್ಗಕ್ಕ.

ವಿರೂಪಾಕ್ಷಪ್ಪ ಕೊಡ ನೋಡಿದ, ಜಂಬಕ್ಕನನ್ನು ನೋಡಿದ, ಲಿಂಗರಾಜನನ್ನು ನೋಡಿದ. "ಅಲ್ಲವ್ವಾ... ನಿನ್ನ ಗಂಡ ನಿನ್ನ ಆಪರೇಷನ್ ಸಲುವಾಗಿ ಮೊಬೈಲಿನ್ಯಾಗ ತೊಂಬತ್ತು ಸಾವಿರ ಸಾಲ ಎತ್ತಿದ್ದ. ಅದೂ ಸಾಲ್ದೆ ನಾವು ಬಸ್ಸಿನೋರು ಪಟ್ಟಿ ಎತ್ತಿ ಕೊಟ್ವಿ. ಇವತ್ತ ಆಪರೇಷನ್ ಆತು ಅಂದ್ರು..."

ಮೊಬೈಲಿನ್ಯಾಗ ಸಾಲ ಎಂಬ ಮಾತು ಬಂದದ್ದೇ ದುರ್ಗಕ್ಕನ ಕಣ್ಣು ದೀಪಾವಳಿಯ ಹಣತೆಗಳಾದವು. ಜಂಬಕ್ಕ ಗಂಡನನ್ನು ನೋಡಿದಳು. ಬರೀ ನೋಡಿದಳು. ಪಕೀರಪ್ಪನಿಗೆ ಒರಳಿನ ಸದ್ದು ಕೇಳಿಸತೊಡಗಿತು. ಕಟ್ಟೆಯ ಮೇಲಿನ ಫೋನಿನ ಕಡೆ ಅವನ ಕೈ ಮೆಲ್ಲಗೆ ಸರಿಯಿತು.

ಆದರೆ ಜಂಬಕ್ಕನ ಎರಡೂ ಕೊಡಗಳು ನಿಧಾನವಾಗಿ ನೆಲಕ್ಕಿಳಿದವು. ಆಕೆಯ ಕೈ ಸೊಂಟಕ್ಕೆ ಹೋಯಿತು. ಮುಖ ಕಿವುಚಿತು.

"ಅಯ್ಯಯ್ಯವ್ವಾ..." ಎಂದು ನರಳಿ, ಕಟ್ಟೆಯ ಮೇಲೆ ಮೆಲ್ಲಗೆ ಕೂತಳು. "ಏನ್ ಮಾಡ್ಲಿ ಅಣ್ಣಾರ, ಈಗೆಲ್ಲಾ ಲೇಸರ್ ಅಂತ, ಬೆಳಿಗ್ಗೆ ಮಾಡಿ ಮಧ್ಯಾಹ್ನಕ್ಕ ಕಳಿಸಿಬಿಟ್ರು. ಕೊಡ ಮುಟ್ಟಬ್ಯಾಡ ಅಂದಾರ ಡಾಕ್ಟ್ರು. ಮನ್ಯಾಗ ನೀರು ತರೋರು ಯಾರದಾರ?"

ಅಷ್ಟೂ ತಲೆಗಳು ಒಮ್ಮೆಲೇ ಪಕೀರಪ್ಪನ ಕಡೆ ತಿರುಗಿದವು.

"ಥೂ ನಿನ್ನ! ಹೇಣ್ತಿ ಹೊಟ್ಟಿ ಕೊಯ್ಸ್ಕಂಡು ಬಂದಾಳ, ನೀನು ಹೊರಸಿನ ಮ್ಯಾಲೆ ಕಾಲು ಚಾಚೀಯಲ್ಲೋ!" ಎಂದ ಎಮ್ಮೆಯವನು.

"ಅಲ್ಲಾ..." ಎಂದ ಪಕೀರಪ್ಪ.

"ಬಾಯಿ ಮುಚ್ಚು!" ಎಂದಿತು ಬಸ್ಸು.

ದುರ್ಗಕ್ಕನ ನಾಲಿಗೆ ತುದಿಗೆ ಬಂದದ್ದನ್ನು ಜಂಬಕ್ಕ ಕಣ್ಣಲ್ಲೇ ತಡೆದಳು. ಬ್ರೆಡ್ಡಿನ ದೊಡ್ಡ ಪೊಟ್ಟಣವನ್ನು, ಅದರ ಮೇಲೊಂದು ಚಿಪ್ಪು ಬಾಳೆಹಣ್ಣನ್ನು ಎತ್ತಿ ಆಕೆಯ ಕೈಗಿಟ್ಟಳು. ದುರ್ಗಕ್ಕ ಅದರ ತೂಕ ನೋಡಿಕೊಂಡು, "ಹೌದ್ರಪಾ, ನಾನ ಆಸ್ಪತ್ರಿಗೆ ಜತಿಗೆ ಹೋಗಿದ್ದೆ. ಭಾಳ ರಕ್ತ ಹೋಗೈತಿ" ಎಂದಳು.

"ನಮ್ಮ ಮನ್ಯಾಕಿಗೂ ಆಗೈತಿ ಇದು" ಎಂದ ವಿರೂಪಾಕ್ಷಪ್ಪ. "ಮೂರು ತಿಂಗಳು ಕೊಡ ಎತ್ತಂಗಿಲ್ಲ, ಕಸ ಹೊಡಿಯಂಗಿಲ್ಲ, ಬಟ್ಟಿ ಒಗಿಯಂಗಿಲ್ಲ. ಪಕೀರಪ್ಪಾ, ದಿನಾ ಬಸ್ಸಿನ್ಯಾಗ ನಿನ್ನ ಕೇಳ್ತೀನಿ ನಾನು, ಏನ್ ಅಡಿಗಿ ಮಾಡಿದಿ ಅಂತ. ಐತವಾರಕ್ಕೊಬ್ರಂಗ ನಮ್ಮ ಮನಿ ಹೆಣ್ಮಕ್ಳು ತಂಗಿನ್ನ ನೋಡಾಕ ಬರ್‍ತಾರ."

ಬಸ್ಸು ಹಿಂದಕ್ಕೆ ಹೋಗಲು ಬಹಳ ಹೊತ್ತು ಹಿಡಿಯಿತು. ಲಿಂಗರಾಜ್ ಕಿಟಕಿಯಲ್ಲೂ ಮುಖ ತೋರಿಸಲಿಲ್ಲ. ಧೂಳು ಇಳಿದ ಮೇಲೆ ಜಂಬಕ್ಕ ಒಂದು ಬಾಳೆಹಣ್ಣು ಸುಲಿದಳು.

"ಸಾಲ ಪೂರ್ತಿ ಕಟ್ಟಿಯೇನು ಮಾಮಾ?"

"ಒಂದು ಪೈಸಾ ಬಾಕಿ ಇಲ್ಲ ಜಂಬಿ. ನಿನ್ನಾಣೆ. ಮೂರು ದಿನದಾಗ ವಾಪಸ್ ಕೊಡೋ ರೂಲ್ಸ್ ಐತಿ. ಕೊಟ್ಟೆ, ಮುಗೀತು."

"ಚಲೋ ಮಾಡ್ದಿ, ನನ್ನ ಅಧ್ಯಕ್ಷಸ್ಥಾನ ಉಳೀತು" ಎಂದು ಆಕೆ ಹೊರಸಿನ ಮೇಲೆ ಉದ್ದಕ್ಕೆ ಮಲಗಿ ಕಾಲಿನತನಕ ಚಾದರ ಎಳೆದುಕೊಂಡಳು. "ಪಟ್ಟಿ ದುಡ್ಡು ಮಾತ್ರ ವಾಪಸ್ ಕೊಡಾಕ ಬರಂಗಿಲ್ಲ. ಆಪರೇಷನ್ನೂ ಹಂಗ. ಮೂರು ತಿಂಗಳಂತ. ಹಂಡೇವು ತುಂಬಿಲ್ಲ ನೋಡು, ಜಲ್ದಿ ಹೋಗು, ನಳ ನಿಂದ್ರತೈತಿ."

ಪಕೀರಪ್ಪ ಕೊಡಗಳ ನೀರನ್ನು ಹಂಡೆಗೆ ಸುರಿದು, ಖಾಲಿ ಕೊಡ ಎತ್ತಿಕೊಂಡ. ನಳದ ಹತ್ತಿರ ಹೆಂಗಸರು ಪಿಸುಗುಟ್ಟಿ ದಾರಿ ಬಿಟ್ಟರು. ತುಂಬಿದ ಕೊಡವನ್ನು ತಲೆಗೇರಿಸಲು ಅವನು ಒದ್ದಾಡುತ್ತಿದ್ದಾಗ ದುರ್ಗಕ್ಕ, ಬಾಯಲ್ಲಿ ಇನ್ನೂ ಬ್ರೆಡ್ಡು ಅಗಿಯುತ್ತ, ಹತ್ತಿರ ಬಂದಳು. ತನ್ನ ಸೀರೆ ತುಂಡಿನ ಸಿಂಬಿಯನ್ನು ಅವನ ನೆತ್ತಿಯ ಮೇಲೆ ನೆಟ್ಟಗೆ ಕೂರಿಸಿ, ಕೊಡವನ್ನು ಅದರ ಮೇಲಿಟ್ಟಳು.

"ಹಿಂಗ ಹೊತ್ಕಾಬೇಕು ಪಕೀರಣ್ಣಾ. ಇದನ್ನ ಇಳ್ಸಿ ಬಾ" ಎಂದು ತನ್ನ ಎರಡು ಖಾಲಿ ಕೊಡಗಳನ್ನು ಅವನ ಕಾಲ ಬಳಿ ಜೋಡಿಸಿದಳು. "ನಂತ್ರ ಇವೆರಡೂ. ಮೂರು ತಿಂಗಳು ನಾನೂ ಸುಮ್ಕಿರ್‍ಬೇಕಲ್ಲ."